ತಿರುವಿಗಾಗಿ ಹುಟ್ಟಿದ ಕಾರು



ಕೋಲಾರ, ಮುಳಬಾಗಿಲು ಕಡೆಯವರಾದ ನಮಗೆ ವೇಗದ ಕಾರು ಹೊಸದೇನಲ್ಲ. ಭಾನುವಾರ ಬೆಳಗಿನ ಜಾವ ಹೆದ್ದಾರಿ ಪಕ್ಕದಲ್ಲಿ ನಿಂತರೆ ಸಾಕು. ತಿಂಡಿ ತಿನ್ನಲೆಂದು ಬೆಂಗಳೂರು ಬಿಟ್ಟ ಕೋಟಿಗಟ್ಟಲೆ ಬೆಲೆಯ ಕಾರುಗಳು ನರಸಾಪುರ ದಾಟಿ ಕಿವಿ ಗಡಚಿಕ್ಕುವ ಸದ್ದು ಮಾಡುತ್ತ ಹೋಗುತ್ತವೆ. ಟೊಮೆಟೊ ಕ್ರೇಟು ತುಂಬಿಕೊಂಡ ಗಾಡಿಯವರು ಒಮ್ಮೆ ತಿರುಗಿ ನೋಡಿ, ತಮ್ಮ ಪಾಡಿಗೆ ತಾವು ಮಾರ್ಕೆಟ್ಟಿನ ದಾರಿ ಹಿಡಿಯುತ್ತಾರೆ. ಆ ಕಾರುಗಳಲ್ಲಿ ಕೆಲವನ್ನು ಮಾಡಿರುವುದು ರಸ್ತೆಗಲ್ಲ, ರೇಸ್ ಟ್ರ್ಯಾಕಿಗೆ. ನಂಬರ್ ಪ್ಲೇಟು ಇದೆ, ಇನ್ಶೂರೆನ್ಸ್ ಇದೆ, ಎಲ್ಲ ಸರಿ. ಮನಸ್ಸು ಮಾತ್ರ ಇಲ್ಲಿಲ್ಲ. ಅಂಥ ಕಾರುಗಳ ಕಥೆಯನ್ನು ಇವತ್ತು ಹೇಳಬೇಕೆಂದಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಕಾರನ್ನು ನೇರ ರಸ್ತೆಯಲ್ಲಿ ಎಷ್ಟು ಜೋರಾಗಿ ಓಡಿಸಿದರೂ ಅದರ ಗುಣ ತಿಳಿಯುವುದಿಲ್ಲ. ಅದರ ವಿದ್ಯೆಯೆಲ್ಲ ಇರುವುದು ವೇಗ ಇಳಿಸುವುದರಲ್ಲಿ ಮತ್ತು ತಿರುಗುವುದರಲ್ಲಿ.

ಕಾರು ಓಟಕ್ಕೆಂದೇ ಕಟ್ಟಿದ ಮೊದಲ ಟ್ರ್ಯಾಕು ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್, 1907ರದ್ದು. ಅದರ ಅಗಲವಾದ, ಓರೆಯಾಗಿ ಎತ್ತರಿಸಿದ ತಿರುವುಗಳಲ್ಲಿ ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯಬೇಕಾದ ಪ್ರಸಂಗವೇ ಕಡಿಮೆ. ಎಲ್ಲ ಬದಲಾದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಬಾಂಬರ್ ವಿಮಾನಗಳಿಗೆಂದು ಹಾಸಿದ ರನ್‌ವೇಗಳು ಊರೂರಲ್ಲಿ ಅನಾಥವಾಗಿ ಬಿದ್ದಿದ್ದವು. ಇಂಗ್ಲೆಂಡಿನವರು 1948ರಲ್ಲಿ ಸಿಲ್ವರ್‌ಸ್ಟೋನ್ ಎಂಬ ಅಂಥದೊಂದು ನೆಲದಲ್ಲಿ ಗ್ರ್ಯಾನ್ ಪ್ರೀ ನಡೆಸಿದರು. ನಮ್ಮ ಕಡೆ ಅದೇ ಭಾಗ್ಯ ಮದರಾಸಿನ ಉತ್ತರಕ್ಕಿರುವ ಶೋಲಾವರಂಗೆ ಬಂತು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ್ದು 1953ರಲ್ಲಿ. ಅದೇ ವರ್ಷ ಫ್ರಾನ್ಸಿನ ಲ ಮಾನ್ ಓಟದಲ್ಲಿ ಜಾಗ್ವಾರ್ ಸಿ-ಟೈಪ್ ಕಾರು ಡಿಸ್ಕ್ ಬ್ರೇಕ್ ಹಾಕಿಕೊಂಡು ಗೆದ್ದಿತು. ಇವೆರಡನ್ನೂ ಜೊತೆಗಿಟ್ಟು ನೋಡುವುದು ನನಗೆ ಇಷ್ಟ. ಏಕೆಂದರೆ ರನ್‌ವೇ ಮೇಲಿನ ಓಟ ಅಂದರೆ ಉದ್ದಕ್ಕೂ ನೇರವಾಗಿ ಹಾರಿ ಬಂದು, ತುದಿಯಲ್ಲಿ ಗಕ್ಕನೆ ತಿರುಗುವುದು. ಅಲ್ಲಿ ಇಂಜಿನ್‌ಗಿಂತ ಮೊದಲು ಸೋಲುವುದು ಬ್ರೇಕು. ನಮ್ಮವರು ಶೋಲಾವರಂಗೆ ತಂದ ಫಿಯೆಟ್ 1100 ಕಾರಿಗಿದ್ದದ್ದು ಡ್ರಮ್ ಬ್ರೇಕ್. ನಾಲ್ಕು ಸುತ್ತಿಗೆ ಡ್ರಮ್ಮು ಕಾದು, ಪೆಡಲ್ ಒತ್ತಿದರೂ ಕಾರು ಕೇಳದ ಸ್ಥಿತಿ. ಹಿಂದೆ ಬಿದ್ದವರು ಎಷ್ಟೋ ಸಲ ವೇಗವಿಲ್ಲದೆ ಬಿದ್ದದ್ದಲ್ಲ, ನಿಲ್ಲಿಸಲಾಗದೆ ಬಿದ್ದದ್ದು.

ಬೆಂಗಳೂರಿನಿಂದ ಮದರಾಸಿಗೆ ಹೋಗಲು ಎರಡು ದಾರಿ. ಒಂದು ಹೊಸೂರು, ಕೃಷ್ಣಗಿರಿ ಮೇಲೆ; ಇನ್ನೊಂದು ನಮ್ಮ ಹಳೆಯ ಮದರಾಸು ರಸ್ತೆ: ಕೋಲಾರ, ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರು. ಆಗ ರೇಸು ಕಾರನ್ನು ಲಾರಿಯ ಮೇಲೆ ಹೊತ್ತು ತರುವ ಶ್ರೀಮಂತಿಕೆ ಬಹಳ ಜನಕ್ಕೆ ಇರಲಿಲ್ಲ. ಓಡಿಸಿಕೊಂಡೇ ಹೋಗಿ, ಓಡಿಸಿ, ಕಾರು ಉಳಿದಿದ್ದರೆ ಅದರಲ್ಲೇ ವಾಪಸ್ಸು. ಮುಳಬಾಗಿಲಿನಲ್ಲಿ ದೋಸೆಗೆ ನಿಂತ ಒಂದು ಫಿಯೆಟ್ ಕಾರನ್ನು ಹುಡುಗನಾಗಿದ್ದಾಗ ನಾನು ಕಣ್ಣು ಬಿಟ್ಟುಕೊಂಡು ನೋಡಿದ್ದು ನೆನಪಿದೆ. ಬಾಗಿಲ ಮೇಲೆ ಬಿಳಿ ವೃತ್ತ, ಒಳಗೆ ನಂಬರು. ಹಿಂದಿನ ಸೀಟೇ ಇಲ್ಲ, ಆ ಜಾಗದಲ್ಲಿ ನಾಲ್ಕು ಬೋಳು ಟೈರು, ಒಂದು ಜ್ಯಾಕು. ಸೀಟು ಎಲ್ಲಿ ಹೋಯಿತು ಎಂದು ಕೇಳಿದ್ದಕ್ಕೆ ಮೆಕ್ಯಾನಿಕ್ ದೋಸೆ ಅಗಿಯುತ್ತಲೇ ಹೇಳಿದ: “ಮನೇಲಿ ಐತೆ ಕಣಪ್ಪಾ. ಸೀಟು ರೇಸ್ ಗೆಲ್ಲಲ್ಲ.”

ಆ ಕಾಲದ ಗ್ಯಾರೇಜುಗಳ ಇಂಜಿನಿಯರಿಂಗ್ ಇದೇ: ಬೇಡದ್ದನ್ನು ಕಿತ್ತು ಹಾಕುವುದು. ಸೀಟು, ಮ್ಯಾಟು, ಬಂಪರು, ಕಿಟಕಿಯ ಗಾಜು, ಎಲ್ಲ ಹೋಗುತ್ತಿತ್ತು. ಆಮೇಲೆ ಸಿಲಿಂಡರ್ ಹೆಡ್ ಬಿಚ್ಚಿ ಲೇಥಿನಲ್ಲಿ ಒಂದಿಷ್ಟು ಸವೆಸಿ ಕಂಪ್ರೆಷನ್ ಏರಿಸುವುದು, ಒಂದು ಕಾರ್ಬ್ಯುರೇಟರ್ ಜಾಗದಲ್ಲಿ ಎರಡು ಕೂರಿಸುವುದು, ಸ್ಪ್ರಿಂಗು ಕತ್ತರಿಸಿ ಕಾರನ್ನು ನೆಲಕ್ಕೆ ಇಳಿಸುವುದು. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ 1957ರಲ್ಲಿ ಲೋಟಸ್ ಸೆವೆನ್ ಎಂಬ ಕಾರನ್ನು ಮಾಡಿದ್ದೂ ಇದೇ ಬುದ್ಧಿಯಿಂದಲೇ. ಕಾರು ಹಗುರವಾದರೆ ಸಣ್ಣ ಇಂಜಿನ್ ಸಾಕು, ಸಣ್ಣ ಬ್ರೇಕು ಸಾಕು, ಟೈರಿಗೂ ಸುಖ. ಕುದುರೆಶಕ್ತಿ ಹೆಚ್ಚಿಸಿದರೆ ನೇರ ದಾರಿಯಲ್ಲಷ್ಟೇ ಲಾಭ. ತೂಕ ಇಳಿಸಿದರೆ ಎಲ್ಲ ಕಡೆಯೂ ಲಾಭ.

ಕನ್ನಡ ನಾಡಿನಿಂದ ಈ ಕಥೆಗೆ ಸೇರುವ ಕಾರು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹೆಸರಿಸುವುದು ಬೆಂಗಳೂರಿನ ಸಿಪಾನಿ ಕಂಪನಿಯ ಡಾಲ್ಫಿನ್. ಅದಕ್ಕೂ ಮೊದಲು ಅವರು ಬಾದಲ್ ಎಂಬ ಮೂರು ಚಕ್ರದ ವಿಚಿತ್ರ ವಾಹನ ಮಾಡುತ್ತಿದ್ದರು. 1982ರಲ್ಲಿ ಬಂದ ಡಾಲ್ಫಿನ್ ಮೂಲದಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್. ಫೈಬರ್ ಗ್ಲಾಸ್ ಮೈ, ಎರಡೇ ಬಾಗಿಲು, 848 ಸಿಸಿಯ ಅಲ್ಯೂಮಿನಿಯಂ ಇಂಜಿನ್, ಶಕ್ತಿ ಹಿಂದಿನ ಚಕ್ರಗಳಿಗೆ. ಮೂಲ ಕಿಟನ್‌ನ ತೂಕ ಸುಮಾರು 520 ಕಿಲೋ, ಅಂದರೆ ಆಗಿನ ಅಂಬಾಸಿಡರ್‌ನ ಅರ್ಧಕ್ಕಿಂತ ಕಡಿಮೆ! ಸಂಸಾರಸ್ಥರಿಗೆ ಈ ಕಾರು ಹಿಡಿಸಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದದ್ದೇ ತಡ, ಡಾಲ್ಫಿನ್‌ನ ಮಾರುಕಟ್ಟೆ ಬರಿದಾಯಿತು. ರೇಸು, ರ್‍ಯಾಲಿಯವರು ಮಾತ್ರ ಅದನ್ನು ಬಿಡಲಿಲ್ಲ. ಹಗುರ ಮೈ ಮತ್ತು ಹಿಂಬದಿ ಚಕ್ರದ ಎಳೆತ, ಎರಡೂ ಒಂದೇ ಕಾರಿನಲ್ಲಿ, ಅದೂ ಬೆಂಗಳೂರಿನಲ್ಲೇ ಸಿಗುವಾಗ ಅವರಿಗೆ ಇನ್ನೇನು ಬೇಕು? ಸಂಸಾರದ ಕಾರಾಗಿ ಸೋತದ್ದು ಶೋಲಾವರಂನಲ್ಲಿ ಮರ್ಯಾದೆ ಪಡೆಯಿತು.

ಆ ದಶಕದಲ್ಲೇ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಶೋಲಾವರಂನಲ್ಲಿ ಎನ್‌ಸೈನ್ ಎಂಬ ಹಳೆಯ ಫಾರ್ಮುಲಾ ಒನ್ ಕಾರನ್ನೇ ಓಡಿಸಿದರು. ನೋಡುಗರಿಗೆ ಅದು ಹಬ್ಬ, ನಿಜ. ಆದರೆ ನಮ್ಮ ರೇಸಿಂಗನ್ನು ಬೆಳೆಸಿದ್ದು ಆಮದು ಕಾರಲ್ಲ, ಕೊಯಮತ್ತೂರಿನ ಎಸ್. ಕರಿವರ್ಧನ್ ರೂಪಿಸಿದ ಫಾರ್ಮುಲಾ ಮಾರುತಿ. ಮಾರುತಿ 800ರ 796 ಸಿಸಿ ಇಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಕೂರಿಸಿದ ಒಂಟಿ ಸೀಟಿನ ಗಾಡಿ ಅದು. ಎಲ್ಲರಿಗೂ ಒಂದೇ ಕಾರು, ಒಂದೇ ಇಂಜಿನ್. ಗೆದ್ದರೆ ಕೈಚಳಕದಿಂದ ಗೆಲ್ಲಬೇಕು, ದುಡ್ಡಿನಿಂದಲ್ಲ. ಕರಿವರ್ಧನ್ 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು. ಅವರ ಹೆಸರಿನ ಕರಿ ಸ್ಪೀಡ್‌ವೇ ಕೊಯಮತ್ತೂರಿನಲ್ಲಿ 2003ರಲ್ಲಿ ತೆರೆಯಿತು.

ಅಷ್ಟರಲ್ಲಿ ಮದರಾಸಿನವರು ಶೋಲಾವರಂ ಬಿಟ್ಟು ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈನಲ್ಲಿ ಸ್ವಂತ ಟ್ರ್ಯಾಕು ಕಟ್ಟಿಕೊಂಡಿದ್ದರು. 1990ರಲ್ಲಿ ಶುರುವಾದ ಅದರ ಉದ್ದ 3.717 ಕಿ.ಮೀ., ತಿರುವು ಹನ್ನೆರಡು. ಅದು ಇರುವುದು ಬೆಂಗಳೂರು–ಚೆನ್ನೈ ಹೆದ್ದಾರಿಯ ಮಗ್ಗುಲಲ್ಲೇ.

    

ಈಗ ಭಾನುವಾರ ನಮ್ಮ ಮುಂದೆ ಹಾದುಹೋಗುವ ಕಾರಿಗೆ ಬರೋಣ. ಜರ್ಮನಿಯ ಪೋರ್ಷೆ ಕಂಪನಿ 1972ರ ಕೊನೆಯಲ್ಲಿ ತನ್ನ 911 ಕಾರಿನ ಒಳಗಿನ ಸಾಮಾನು ಕಿತ್ತು, ತೆಳು ತಗಡು ಹಾಕಿ, ಹಿಂದೆ ಬಾತುಕೋಳಿಯ ಬಾಲದಂಥ ರೆಕ್ಕೆ ಇಟ್ಟು ಕರೆರಾ ಆರ್‌ಎಸ್ ಎಂದು ಮಾರಿತು. ಮುಳಬಾಗಿಲಿನಲ್ಲಿ ನಿಂತಿದ್ದ ಫಿಯೆಟ್‌ನ ತತ್ವವೇ. ಮಾಡಿದ್ದು ಕಾರ್ಖಾನೆ, ಅಷ್ಟೆ ವ್ಯತ್ಯಾಸ. ಆ ವಂಶದಲ್ಲಿ 1999ರಲ್ಲಿ ಬಂದದ್ದು ಜಿಟಿ3. ಇವತ್ತಿನ ಜಿಟಿ3ಯ ಆರು ಸಿಲಿಂಡರಿನ 4 ಲೀಟರ್ ಇಂಜಿನ್ ನಿಮಿಷಕ್ಕೆ 9000 ಸುತ್ತು ತಿರುಗುತ್ತದೆ, ಅದೂ ಟರ್ಬೊ ಇಲ್ಲದೆ. ಟರ್ಬೊ ಹಾಕಿದರೆ ಶಕ್ತಿ ಸುಲಭವಾಗಿ ಬರುತ್ತದಲ್ಲ, ಯಾಕೆ ಹಾಕಲಿಲ್ಲ? ತಿರುವಿನ ಮಧ್ಯೆ ಕಾರು ಜಾರಿಯೂ ಜಾರದ ಹಾಗೆ ನಿಂತಿರುತ್ತದೆ. ಆಗ ಕಾಲು ಕೂದಲೆಳೆಯಷ್ಟು ಒತ್ತಿದರೆ ಚಕ್ರಕ್ಕೂ ಅಷ್ಟೇ ಶಕ್ತಿ, ಆ ಕ್ಷಣದಲ್ಲೇ ಹೋಗಬೇಕು. ಟರ್ಬೊ ಒಂದು ಗಳಿಗೆ ತಡಮಾಡಿ, ಆಮೇಲೆ ಧಾರಾಳವಾಗಿ ಕೊಟ್ಟುಬಿಡುತ್ತದೆ.

2022ರ ಜಿಟಿ3 ಆರ್‌ಎಸ್ ಇನ್ನೂ ಹಟಮಾರಿ. 1450 ಕಿಲೋ ತೂಗುವ ಆ ಕಾರಿನ ಮೇಲೆ, 285 ಕಿ.ಮೀ. ವೇಗದಲ್ಲಿ ಗಾಳಿಯ ಒತ್ತಡವೇ 860 ಕಿಲೋ ಬೀಳುತ್ತದೆ. ತೂಕ ಹೆಚ್ಚದೆ ಟೈರನ್ನು ನೆಲಕ್ಕೆ ಒತ್ತಿ ಹಿಡಿಯುವ ಉಪಾಯವಿದು. ಇದಕ್ಕಾಗಿ ಮುಂದಿನ ಡಿಕ್ಕಿಯ ಜಾಗವನ್ನು ಪೂರ್ತಿ ರೇಡಿಯೇಟರಿಗೆ ಬಿಟ್ಟುಕೊಟ್ಟಿದ್ದಾರೆ. ಕೋಟಿಗಟ್ಟಲೆ ಕೊಟ್ಟ ಕಾರಿನಲ್ಲಿ ತರಕಾರಿ ಚೀಲ ಇಡಲು ಜಾಗವಿಲ್ಲ.

ಬ್ರೇಕಿನ ಲೆಕ್ಕ ಕೇಳಿ. 1400 ಕಿಲೋ ಕಾರು 250 ಕಿ.ಮೀ. ವೇಗದಿಂದ 80ಕ್ಕೆ ಇಳಿಯುವಾಗ ಕಳೆದುಕೊಳ್ಳುವ ಶಕ್ತಿಯಲ್ಲಿ ಮುದ್ದೆಗಿಟ್ಟ ಒಂಬತ್ತು ಲೀಟರ್ ತಣ್ಣೀರಿನ ಎಸರು ಕುದಿ ಬರುತ್ತದೆ. ಒಲೆಯ ಮೇಲೆ ಅರ್ಧ ಗಂಟೆಯಾದರೂ ಬೇಕಾದ ಕೆಲಸ, ಇಲ್ಲಿ ನಾಲ್ಕೈದು ಸೆಕೆಂಡಿನದು. ಅದರಲ್ಲಿ ಗಾಳಿ ಸ್ವಲ್ಪ ಪಾಲು ತೆಗೆದುಕೊಂಡರೂ ಉಳಿದ ಕಾವೆಲ್ಲ ನಾಲ್ಕು ಡಿಸ್ಕಿಗೆ. ಮುಂದಿನ ತಿರುವಿಗೆ ಮತ್ತೆ ಅಷ್ಟೇ. ಕಾರ್ಬನ್-ಸೆರಾಮಿಕ್ ಡಿಸ್ಕು, ಅದಕ್ಕೆ ಗಾಳಿ ಊದುವ ಕೊಳವೆ, ಬೇಗ ಕುದಿಯದ ಬ್ರೇಕ್ ಆಯಿಲ್ ಬೇಕಾಗುವುದು ಇದಕ್ಕೇ.

ಇರುಂಗಾಟ್ಟುಕೋಟ್ಟೈನಲ್ಲಿ ಗೆಳೆಯರೊಬ್ಬರ ಜಿಟಿ3ಯ ಪಕ್ಕದ ಸೀಟಿನಲ್ಲಿ ಕೂತು ನಾನೂ ಕೆಲವು ಸುತ್ತು ಹಾಕಿದ್ದೇನೆ. ಮೊದಲು ಗಮನಕ್ಕೆ ಬಂದದ್ದು ವೇಗವಲ್ಲ, ಕಲ್ಲಿನ ಸದ್ದು. ಕಾದ ಟೈರಿಗೆ ಅಂಟಿದ ಜಲ್ಲಿ, ರಬ್ಬರ್ ಚೂರು ಮಡ್‌ಗಾರ್ಡ್ ಒಳಗೆ ಪಟಪಟ ಬಡಿಯುತ್ತದೆ. ಸದ್ದು ತಡೆಯುವ ಹಾಸನ್ನು ತೂಕ ಉಳಿಸಲು ಕಡಿಮೆ ಮಾಡಿರುತ್ತಾರಲ್ಲ! ನೇರ ದಾರಿ ಮುಗಿದು ಬ್ರೇಕ್ ಒತ್ತಿದಾಗ ಎದೆಯ ಮೇಲಿನ ಬೆಲ್ಟು ಉಸಿರು ಹಿಡಿಯಿತು. ಅವರು ಬ್ರೇಕನ್ನು ಒಮ್ಮೆಲೇ ಬಿಡಲಿಲ್ಲ. ಸ್ಟೇರಿಂಗ್ ತಿರುಗಿಸುತ್ತ ತಿರುಗಿಸುತ್ತ ಕಾಲಿನ ಒತ್ತಡ ಇಳಿಸಿದರು. ಬ್ರೇಕ್ ಹಿಡಿದಾಗ ಕಾರಿನ ಭಾರ ಮುಂದಿನ ಟೈರುಗಳ ಮೇಲೆ ಬಿದ್ದಿರುತ್ತದೆ. ಆ ಭಾರ ಇರುವಾಗಲೇ ಮೂತಿ ತಿರುಗಿಸಬೇಕು. ಪೂರ್ತಿ ಬಿಟ್ಟು ತಿರುಗಿಸಿದರೆ ಮುಂದಿನ ಚಕ್ರ ಹಿಡಿತ ತಪ್ಪಿ ಕಾರು ನೇರಕ್ಕೇ ಹೋಗುತ್ತದೆ. ಇನ್ನೂ ಒತ್ತುತ್ತಿದ್ದರೆ ಹಿಂಬದಿ ಹಗುರಾಗಿ ಸುತ್ತಿಕೊಳ್ಳುತ್ತದೆ. ಅವೆರಡರ ನಡುವೆ ಇರುವ ಜಾಗ ಬಹಳ ಕಿರಿದು. ಒಳ್ಳೆಯ ಚಾಲಕ ಸುತ್ತು ಸುತ್ತಿಗೂ ಅಲ್ಲೇ ಹಾದುಹೋಗುತ್ತಾನೆ.

ಪಿಟ್ಟಿಗೆ ಬಂದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಲಿಲ್ಲ. ಕಾದ ಪ್ಯಾಡು ಡಿಸ್ಕಿಗೆ ಕಚ್ಚಿಕೊಳ್ಳುತ್ತದಂತೆ. ಚಕ್ರಕ್ಕೆ ಒಂದು ಇಟ್ಟಿಗೆ ಕೊಟ್ಟರು. ಮಾಲೂರಿನ ಇಟ್ಟಿಗೆಯೇ ಇರಬೇಕು ಎಂದು ನಾನು ತಮಾಷೆ ಮಾಡಿದೆ. ಪಿಟ್ಟಿನ ತಮಿಳು ಹುಡುಗರು ನಗಲಿಲ್ಲ. ಅವರು ಗೇಜು ಹಿಡಿದು ಟೈರಿನ ಗಾಳಿ ನೋಡುವುದರಲ್ಲಿದ್ದರು. ತಣ್ಣಗಿದ್ದಾಗ 28 ಇದ್ದದ್ದು 35 ದಾಟಿತ್ತು. ಸಿಳ್ಳೆ ಹೊಡೆಸಿ ಒಂದಿಷ್ಟು ಬಿಟ್ಟರು.

ಈ ಜಾತಿಯ ಕಾರುಗಳ ಪೂರ್ತಿ ರೇಸ್ ರೂಪದಲ್ಲಿ ಬೆಂಗಳೂರಿನ ಹುಡುಗ ಅರ್ಜುನ್ ಮೈನಿ 2021ರಿಂದ ಜರ್ಮನಿಯ ಡಿಟಿಎಂ ಸರಣಿಯಲ್ಲಿ ಸ್ಪರ್ಧಿಸಿದರು. ಮೊದಲು ಓಡಿಸಿದ್ದು ಮರ್ಸಿಡಿಸ್-ಎಎಂಜಿ ಜಿಟಿ3. ನಮ್ಮ ಕೋಲಾರದ ಹತ್ತಿರವೇ ಸಿ.ಎಸ್. ಸಂತೋಷ್ ಅವರ ಬಿಗ್ ರಾಕ್ ಮೈದಾನವಿದೆ. 2015ರಲ್ಲಿ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ ಅವರು. ಅಲ್ಲಿ ಕಲಿಸುವುದು ಮಣ್ಣಿನ ಮೇಲೆ ಬೈಕು ಓಡಿಸುವುದನ್ನು. ಆದರೂ ಹಿಡಿತ ಎಲ್ಲಿ ಮುಗಿಯುತ್ತದೆ ಎಂಬುದನ್ನು ಮೈಯಿಂದ ತಿಳಿಯಲು ಮಣ್ಣಿಗಿಂತ ಅಗ್ಗದ ಶಾಲೆ ಇಲ್ಲ.

2024ರ ಕೊನೆಯಿಂದ ಹೊಸಕೋಟೆ, ಮಾಲೂರು, ಬೇತಮಂಗಲದ ಕಡೆ ಹೊಸ ಎಕ್ಸ್‌ಪ್ರೆಸ್‌ವೇ ಮೇಲೆ ಗಾಡಿಗಳು ಓಡುತ್ತಿವೆ. 120 ಕಿ.ಮೀ. ವೇಗಕ್ಕೆಂದು ಹಾಕಿದ ರಸ್ತೆ, ಹೆಚ್ಚುಕಡಿಮೆ ಗೆರೆ ಎಳೆದ ಹಾಗೆ ನೇರ. ಜಿಟಿ3 ಆ ವೇಗವನ್ನು ಕೆಳಗಿನ ಗೇರುಗಳಲ್ಲೇ ಮುಟ್ಟುತ್ತದೆ. ಆಮೇಲೆ ಅದಕ್ಕೂ ಕೆಲಸವಿಲ್ಲ, ಓಡಿಸುವವರಿಗೂ ಇಲ್ಲ. ಆ ರಸ್ತೆ ಚೆನ್ನೈ ಕಡೆ ಮುಗಿಯುವುದು ಶ್ರೀಪೆರಂಬುದೂರಿನಲ್ಲಿ, ಟ್ರ್ಯಾಕಿನ ಹತ್ತಿರ. ಶ್ರೀನಿವಾಸಪುರದ ಮಾವಿನ ತೋಟದವರ ಮಗನೊಬ್ಬ ನನ್ನನ್ನು ಕೇಳಿದ, ಇದೆಲ್ಲ ನಮಗೆ ಎಟುಕುತ್ತದಾ ಅಂತ. ಪೋರ್ಷೆ ಎಟುಕದು, ಬಿಡಿ. ಎಲ್‌ಜಿಬಿ ಫಾರ್ಮುಲಾ-4 ಎನ್ನುವ ಒಂಟಿ ಸೀಟಿನ ಕಾರಿದೆ. ಅದರೊಳಗೆ ಇರುವುದು ಮಾರುತಿಯ 1300 ಸಿಸಿ ಇಂಜಿನ್, ನಮ್ಮೂರ ಮೆಕ್ಯಾನಿಕ್ ಕಣ್ಣು ಮುಚ್ಚಿ ಬಿಚ್ಚುವಂಥದ್ದು. ತರಬೇತಿ ಕೊಡುವ ಶಾಲೆಗಳು ಚೆನ್ನೈ, ಕೊಯಮತ್ತೂರಿನಲ್ಲಿವೆ. ಮೊದಲ ದಿನ ಅಲ್ಲಿ ಕಲಿಸುವುದು ಬ್ರೇಕ್ ಹಿಡಿಯುವುದನ್ನು.