ಗೇಣು, ಮೊಳ, ಮಾರು

ಮಕ್ಕಳಿಗೆ ಅಳತೆಯ ಪಾಠವನ್ನು ಎಲ್ಲಿಂದ ಆರಂಭಿಸಬೇಕು? ಅವರ ಕೈಯಿಂದಲೇ ಎಂದು ನನ್ನ ಅಭಿಪ್ರಾಯ.

1956ರ ಕಾಯಿದೆ ದೇಶಕ್ಕೆ ಮೆಟ್ರಿಕ್ ಮಾನವನ್ನು ತಂದಿತು. ಸೇರು, ಪಾವುಗಳು ವ್ಯಾಪಾರದಿಂದ ಹಿಂದೆ ಸರಿದವು. ಆದರೂ ತುಮಕೂರಿನ ಪೇಟೆಯಲ್ಲಿ ಹೂವಿಗೆ ಇಂದಿಗೂ ಮೊಳವೇ ಮಾನ. ಕುಣಿಗಲ್ಲು ಕುದುರೆಗಳಿಗೆ ಹೆಸರಾದ ಊರು. ಕುದುರೆಯ ಎತ್ತರವನ್ನು ಬಲ್ಲವರು ಹೇಳುವುದು ‘ಹ್ಯಾಂಡ್’ ಎಂಬ ನಾಲ್ಕಂಗುಲದ ಅಂಗೈಯ ಲೆಕ್ಕದಲ್ಲಿ.

ಗುಬ್ಬಿಯ ಶಾಲೆಯೊಂದರಲ್ಲಿ ಒಂದು ಹಲಗೆಯಿದೆಯೆಂದು ಭಾವಿಸಿ. ಬಾಲಕಿಯ ಗೇಣಿನಲ್ಲಿ ಅದು 12. ಉಪಾಧ್ಯಾಯರ ಗೇಣಿನಲ್ಲಿ 8. ಯಾರ ಎಣಿಕೆ ಸರಿ? ಎರಡೂ ಸರಿಯೇ. ಮಾನ ಕಿರಿದಾದಷ್ಟೂ ಎಣಿಕೆ ಹಿರಿದು. ಆಕೆಯ ಗೇಣಿಗೂ ಅವರ ಗೇಣಿಗೂ ಇರುವ ಪ್ರಮಾಣ 2:3 ಎಂಬುದನ್ನು ಆ ಹಲಗೆಯೇ ತಿಳಿಸುತ್ತದೆ. ಇನ್ನೊಂದು ಸೋಜಿಗವುಂಟು: ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು ಎಂಬ ಲೆಕ್ಕ ಇಬ್ಬರ ಮೈಯಲ್ಲಿಯೂ ಹೆಚ್ಚುಕಡಿಮೆ ನಿಜ. ಮಾನ ಬದಲಾದರೂ ಪ್ರಮಾಣ ನಿಲ್ಲುತ್ತದೆ.

ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿದನು. ಗಣಿತವು ನಮ್ಮ ನುಡಿಗೆ ಹೊಸದೇನಲ್ಲ.

ಹೂ ಕೊಳ್ಳುವಾಗ ‘ಯಾರ ಮೊಳ?’ ಎಂಬ ತಕರಾರು ಹುಟ್ಟುವುದು ಸಹಜ. ಉದ್ದ ತೋಳಿನವರಿಗೆ ಲಾಭ, ಗಿಡ್ಡ ತೋಳಿನವರಿಗೆ ನಷ್ಟವಾಗಬಾರದೆಂದು ಮಗುವಿಗೆ ತಾನಾಗಿ ಹೊಳೆದಾಗ, ಮೀಟರು ಹೇರಿದ ನಿಯಮವಾಗದೆ ನ್ಯಾಯದ ಒಪ್ಪಂದವಾಗುತ್ತದೆ. ಆ ಹೊತ್ತಿಗೆ ಅಳತೆಪಟ್ಟಿಯನ್ನು ಅದರ ಕೈಗೆ ಕೊಡೋಣ.