ಬರಿದಾದ ಗುರುಮನೆ



ನಂಜನಗೂಡಿನಿಂದ ಕಪಿಲೆಯ ಜಾಡನ್ನು ಹಿಡಿದು ತಿರುಮಕೂಡಲು ನರಸೀಪುರದತ್ತ ಸಾಗುವವರಿಗೆ ಗುರುಪೀಠವೆಂದರೇನೆಂಬುದನ್ನು ಬೇರೆಯಾಗಿ ಹೇಳಿಕೊಡಬೇಕಾದುದಿಲ್ಲ. ಹೊರಡುವಾಗ ಶ್ರೀಕಂಠೇಶ್ವರನ ಗೋಪುರ. ನಡುದಾರಿಯಲ್ಲಿ ಹೊಳೆಯ ತಡಿಯ ಸುತ್ತೂರು ಮಠ. ಕಪಿಲೆಯು ಕಾವೇರಿಯನ್ನು ಕೂಡುವಲ್ಲಿ ಗುಂಜಾನರಸಿಂಹನ ಗುಡಿ. ಅಲ್ಲಿಗೆ ಸಮೀಪದಲ್ಲಿಯೇ ವ್ಯಾಸರಾಜ ಮಠದ ಸೋಸಲೆ. ಈ ದೊಡ್ಡ ಹೆಸರುಗಳ ನಡುವೆ ಕೆಲವು ಚಿಕ್ಕ ಕ್ರೈಸ್ತ ದೇವಾಲಯಗಳೂ ಈ ಸೀಮೆಯಲ್ಲಿ ಉಂಟು. ಅವುಗಳಿಗೆ ಶಾಸನವಿಲ್ಲ, ತೇರಿಲ್ಲ. ಒಂದು ಗಂಟೆ, ಒಂದು ಶಿಲುಬೆ, ಪಕ್ಕದಲ್ಲಿ ಗುರುಗಳಿಗೊಂದು ಮನೆ. ಇಷ್ಟೇ ಅವುಗಳ ಸಂಪತ್ತು. ಆ ಮನೆ ಬರಿದಾದರೆ ಊರು ಏನನ್ನು ಬೇಡಬೇಕು ಎಂಬುದೇ ನಮ್ಮ ಇಂದಿನ ಮಾತು.

ಅಂತಹ ಒಂದು ಹಳ್ಳಿಗೆ ನಾವು ಹೋಗಿದ್ದಾಗ ಗುರುಮನೆಗೆ ಬೀಗ ಬಿದ್ದಿತ್ತು. ಹಿಂದಿನ ಸ್ವಾಮಿಗಳಿಗೆ ವರ್ಗವಾಗಿತ್ತು; ಹೊಸಬರು ಇನ್ನೂ ಬಂದಿರಲಿಲ್ಲ. ಬೀಗದ ಕೈ ಉಪದೇಶಿಯ ಸೊಂಟದಲ್ಲಿತ್ತು. ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯುವವನೂ ಅವನೇ, ಸಂಜೆ ಜಪಮಾಲೆಗೆ ಮೊದಲ ದನಿ ಎತ್ತುವವನೂ ಅವನೇ. ಜಗುಲಿಯ ಮೇಲೆ ನಾಲ್ಕಾರು ಹಿರಿಯರು ಕುಳಿತು ಬಿಷಪ್ಪರಿಗೆ ಅರ್ಜಿ ಬರೆಸುತ್ತಿದ್ದರು. ಚೆನ್ನಾಗಿ ಓದಿದವರನ್ನು ಕಳುಹಿಸಬೇಕೆಂದು ಒಬ್ಬರು; ವಯಸ್ಸಿನಲ್ಲಿ ಕಿರಿಯರಾದವರು ಬೇಕೆಂದು ಇನ್ನೊಬ್ಬರು; ಶಾಲೆಗೆ ನಾಲ್ಕು ಕೊಠಡಿ ಕಟ್ಟಿಸಬಲ್ಲ ಸಮರ್ಥರಾದರೆ ಸಾಕೆಂದು ಮತ್ತೊಬ್ಬರು. ಕಂಬಕ್ಕೊರಗಿ ಕುಳಿತಿದ್ದ ಒಬ್ಬ ಮುದುಕಿ ಎಲ್ಲವನ್ನೂ ಕೇಳಿ ಕೊನೆಗೆ ಹೇಳಿದಳು: “ಓದ್ದೋರ್ನೇ ಕಳಿಸ್ಲಿ ಕಣಪ್ಪ, ಬ್ಯಾಡ ಅನ್ನೋರ್ಯಾರು? ಆದ್ರೆ ಬಂದೋರು ವಸಿ ಕಾಲ ಇರ್ಲಿ. ನಮ್ಮ ಸತ್ತೋರ ಹೆಸ್ರು ಕಲಿಯೋ ಹೊತ್ಗೇ ಹೊಂಟೋಯ್ತರೆ.”

ಅರ್ಜಿಯಲ್ಲಿ ಆ ಮಾತನ್ನು ಯಾರೂ ಬರೆಯಲಿಲ್ಲ. ಊರಿಗೆ ಹಿಂದಿರುಗಿದ ಮೇಲೆ ನಮ್ಮ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಅದೊಂದೇ.

ಗುರುವನ್ನು ಆರಿಸುವವರು ಯಾರು? ಇದಕ್ಕೆ ನಮ್ಮ ಎರಡು ತಾಲ್ಲೂಕುಗಳಲ್ಲಿಯೇ ಬಗೆಬಗೆಯ ಉತ್ತರಗಳಿವೆ. ಮಠದಲ್ಲಿ ಗುರುವು ತಾನೇ ಶಿಷ್ಯನನ್ನು ಗುರುತಿಸಿ, ಬೆಳೆಯಿಸಿ, ತನ್ನ ತರುವಾಯ ಪೀಠದಲ್ಲಿ ಕೂರುವಂತೆ ಮಾಡುವುದು ರೂಢಿ. ಸುತ್ತೂರಿನ ೨೩ನೆಯ ಪೀಠಾಧಿಪತಿಗಳಾದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ೧೯೫೪ರಲ್ಲಿ ವಿದ್ಯಾಪೀಠವನ್ನು ಸ್ಥಾಪಿಸಿ, ೧೯೮೬ರಲ್ಲಿ ಲಿಂಗೈಕ್ಯರಾದರು. ಅವರ ತರುವಾಯ ಶ್ರೀ ಶಿವರಾತ್ರಿ ದೇಶಿಕೇಂದ್ರ ಸ್ವಾಮಿಗಳು ೨೪ನೆಯವರಾಗಿ ಆ ಕಾರ್ಯವನ್ನು ಮುಂದುವರಿಸಿದರು. ಸೋಸಲೆಯ ಪರಂಪರೆಯು ಬನ್ನೂರಿನಲ್ಲಿ ಹುಟ್ಟಿ ವಿಜಯನಗರದಲ್ಲಿ ಪೂಜಿತರಾದ ವ್ಯಾಸತೀರ್ಥರನ್ನು ನೆನೆಯುತ್ತದೆ. ಅವರು ೧೫೩೯ರಲ್ಲಿ ಬೃಂದಾವನಸ್ಥರಾದ ಮೇಲೂ ಯತಿಯಿಂದ ಯತಿಗೆ ಆಶ್ರಮವು ಸಂದುಬಂದಿದೆ. ಗುಡಿಯ ಅರ್ಚಕತ್ವವಾದರೋ ಬಹುಮಟ್ಟಿಗೆ ತಂದೆಯಿಂದ ಮಗನಿಗೆ. ಇವೆಲ್ಲವುಗಳಲ್ಲಿಯೂ ಬರತಕ್ಕವನು ಒಳಗಿನವನು, ಮೊದಲೇ ಬಲ್ಲವನು. ಹಳ್ಳಿಯ ಕ್ರೈಸ್ತ ದೇವಾಲಯಕ್ಕೆ ಬರತಕ್ಕವನು ಹಾಗಲ್ಲ. ಅವನಿಗೆ ಮಕ್ಕಳಿಲ್ಲ, ಶಿಷ್ಯನನ್ನು ಹೆಸರಿಸುವ ಅಧಿಕಾರವೂ ಇಲ್ಲ. ಕಥೋಲಿಕರಲ್ಲಿ ಅವನನ್ನು ನೇಮಿಸುವವರು ಬಿಷಪ್ಪರು. ೧೯೮೩ರ ಧರ್ಮಸಭೆಯ ಕಾನೂನಿನಂತೆ ಅವರು ಸುತ್ತಿನ ಗುರುಗಳಲ್ಲಿ ಮುಖ್ಯನಾದವನನ್ನು ಕೇಳಬೇಕು. ಉಚಿತವೆಂದು ತೋರಿದರೆ ಕೆಲವು ಗುರುಗಳನ್ನೂ ಭಕ್ತರನ್ನೂ ವಿಚಾರಿಸಬಹುದು. ತೀರ್ಮಾನ ಮಾತ್ರ ಅವರದು. ಹೀಗೆ ಪ್ರತಿಸಲವೂ ಊರಿಗೆ ಬರುವವನು ಹೊಸಬನೇ.

ಜನರೇ ಆರಿಸಿದರೆ ಆಗದೆ ಎಂದು ಕೇಳಬಹುದು. ಹಾಗೆ ಆದದ್ದೂ ಉಂಟು. ಇಟಲಿಯ ಮಿಲಾನ್ ನಗರದಲ್ಲಿ ೩೭೪ರಲ್ಲಿ ಬಿಷಪ್ಪರ ಪೀಠ ತೆರವಾದಾಗ ಎರಡು ಪಂಗಡಗಳು ಕಾದಾಡುವಂತಿದ್ದವು. ಶಾಂತಿಯನ್ನು ಕಾಪಾಡಲು ಬಂದ ಅಧಿಕಾರಿಯಾದ ಆಂಬ್ರೋಸನನ್ನೇ ಜನರು ಕೂಗಿ ಆರಿಸಿದರು. ಆತನಿಗೆ ಆಗ ಇನ್ನೂ ಜ್ಞಾನಸ್ನಾನವೇ ಆಗಿರಲಿಲ್ಲ! ಸ್ಕಾಟ್ಲೆಂಡಿನಲ್ಲಿ ಸಭಾಪಾಲಕನನ್ನು ಸೂಚಿಸುವ ಹಕ್ಕನ್ನು ೧೭೧೨ರ ಕಾಯಿದೆಯು ಜಮೀನ್ದಾರರಂತಹ ಪೋಷಕರಿಗೆ ಕೊಟ್ಟಿತ್ತು. ಊರಿನವರು ಒಲ್ಲೆನೆಂದವನನ್ನು ಅವರ ಮೇಲೆ ಹೇರಬಾರದೆಂಬ ಜಗಳ ಬೆಳೆದು, ೧೮೪೩ರಲ್ಲಿ ನಾನೂರೈವತ್ತಕ್ಕೂ ಮೀರಿದ ಪಾದ್ರಿಗಳು ಮನೆಯನ್ನೂ ಸಂಬಳವನ್ನೂ ಬಿಟ್ಟು ಹೊರನಡೆದರು. ಆ ಕಾಯಿದೆ ರದ್ದಾದುದು ೧೮೭೪ರಲ್ಲಿ. ಗುರುವಿನ ಆಯ್ಕೆಯೆಂಬುದು ಹಗುರವಾದ ವಿಷಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆದರೆ ಆರಿಸುವವರು ಯಾರೇ ಆಗಲಿ, ಆರಿಸಿದ ಮಾತ್ರಕ್ಕೆ ಗುರುವು ಊರಿನವನಾಗುವುದಿಲ್ಲ. ಅದು ಬಂದ ಮೇಲೆ ನಡೆಯತಕ್ಕ ಕೆಲಸ.

ಈ ಮಾತಿಗೆ ನಮ್ಮ ಮೈಸೂರು ಸೀಮೆಯಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಹದಿನೇಳನೆಯ ಶತಮಾನದ ನಡುವೆ ಚಿನ್ನಾಮಿ ಎಂಬ ಇಟಲಿಯ ಜೆಸೂಟ್ ಗುರುವು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡವನ್ನು ಕಲಿತು, ಈ ನಾಡಿನ ಕಥೋಲಿಕ ಸಭೆಗೆ ಅಡಿಪಾಯ ಹಾಕಿದನು. ೧೭೭೩ರಲ್ಲಿ ಪೋಪರು ಜೆಸೂಟ್ ಸಂಘವನ್ನೇ ವಿಸರ್ಜಿಸಿದರು. ಕೆಲಸವು ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘಕ್ಕೆ ಸೇರಿತಾದರೂ, ಮೇಲಿಂದ ಮೇಲೆ ಬಂದ ಯುದ್ಧಗಳ ನಡುವೆ ಗುರುಗಳು ವಿರಳರಾದರು. ೧೭೮೪ರಲ್ಲಿ ಕರಾವಳಿಯ ಕ್ರೈಸ್ತರು ಸೆರೆಯಾಳುಗಳಾಗಿ ಪಟ್ಟಣಕ್ಕೆ ಬಂದರು. ೧೭೯೯ರಲ್ಲಿ ಪಟ್ಟಣವು ಬಿದ್ದಾಗ ಉಳಿದಿದ್ದವರು ಚೆದುರಿದ, ಬೆದರಿದ, ಗುರುವಿಲ್ಲದ ಜನ. ಅವರ ಬಳಿಗೆ ಬಂದವರು ಅಬ್ಬೆ ದ್ಯುಬ್ವಾ.

ಈತನು ೧೭೯೨ರಲ್ಲಿ ಫ್ರಾನ್ಸಿನಿಂದ ಭಾರತಕ್ಕೆ ಬಂದವನು. ಈ ನಾಡಿನ ಉಡುಪನ್ನು ಉಟ್ಟನು, ಇಲ್ಲಿಯ ಊಟವನ್ನು ಉಂಡನು, ಇಲ್ಲಿಯ ಮಾತುಗಳನ್ನು ಕಲಿತನು. ಜನರು ಆತನನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರೆಂದು ಪ್ರತೀತಿ. ಹಾಸನದ ಬಳಿ ಸಾತಳ್ಳಿಯಲ್ಲಿ ನೆಲೆಯಿಲ್ಲದ ಕ್ರೈಸ್ತ ಕುಟುಂಬಗಳನ್ನು ಬೇಸಾಯಕ್ಕೆ ಹಚ್ಚಿದನು. ಸಿಡುಬು ಊರೂರುಗಳನ್ನು ಬರಿದುಮಾಡುತ್ತಿದ್ದ ೧೮೦೩-೦೪ರಲ್ಲಿ, ದೇವಿ ಹಾಕುವ ಹೊಸ ವಿದ್ಯೆಯನ್ನು ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಮುಟ್ಟಿಸಿದನು. ಹಿಂದೂಗಳ ನಡೆನುಡಿಗಳನ್ನು ಕುರಿತು ಆತನು ಬರೆದ ಗ್ರಂಥದ ಹಸ್ತಪ್ರತಿಯನ್ನು ರೆಸಿಡೆಂಟ್ ವಿಲ್ಕ್ಸನ ಶಿಫಾರಸಿನ ಮೇಲೆ ಕಂಪನಿ ಸರ್ಕಾರವು ೧೮೦೭ರಲ್ಲಿ ಕೊಂಡಿತು. ಆ ಗ್ರಂಥದ ತೀರ್ಪುಗಳೆಲ್ಲವನ್ನೂ ನಾವು ಒಪ್ಪಬೇಕಾದುದಿಲ್ಲ. ಅನೇಕ ಕಡೆ ಅವು ಕಟುವಾಗಿಯೂ ಏಕಪಕ್ಷವಾಗಿಯೂ ಇವೆ. ಆದರೆ ಆತನು ನೆಲಸಿದನು; ೧೮೨೩ರಲ್ಲಿ ಹಡಗನ್ನು ಹತ್ತುವವರೆಗೆ ಇಪ್ಪತ್ತಕ್ಕೂ ಮೀರಿದ ವರ್ಷಗಳನ್ನು ಈ ಜನರ ನಡುವೆ ಕಳೆದನು.

ಹೊರಟುಹೋದ ವರ್ಷವೇ ಲಂಡನ್ನಿನಲ್ಲಿ ಆತನ ಪತ್ರಗಳು ಅಚ್ಚಾದವು. ಅವುಗಳಲ್ಲಿ ಆತನು ತನ್ನ ಕೆಲಸವು ವಿಫಲವಾಯಿತೆಂದು ಒಪ್ಪಿಕೊಂಡಿದ್ದಾನೆ. ಇಪ್ಪತ್ತೈದು ವರ್ಷಗಳಲ್ಲಿ ತಾನು ಮತಕ್ಕೆ ಸೇರಿಸಿದವರು ಇನ್ನೂರು ಮುನ್ನೂರಕ್ಕೆ ಮೀರಲಿಲ್ಲವೆಂದೂ, ಅವರಲ್ಲಿ ದೃಢರಾಗಿ ನಿಂತವರು ಕೆಲವರೇ ಎಂದೂ ಲೆಕ್ಕ ಕೊಟ್ಟಿದ್ದಾನೆ. ತನ್ನ ಕಣ್ಣಿಗೆ ಸೋತವನಾದ ಈ ಗುರುವು, ಯಾರ ಮಕ್ಕಳು ಸಿಡುಬಿನಿಂದ ಪಾರಾದರೋ, ಯಾರಿಗೆ ಉಳಲು ನೆಲ ದೊರಕಿತೋ, ಅವರ ಕಣ್ಣಿಗೂ ಸೋತವನೆ? ಗುರುವು ಇಟ್ಟುಕೊಂಡ ಅಳತೆಗೋಲು ಬೇರೆ. ಊರು ಇಟ್ಟುಕೊಂಡ ಅಳತೆಗೋಲು ಬೇರೆ. ನಮ್ಮ ಮುದುಕಿಯ ಮಾತು ಈ ಎರಡನೆಯ ಅಳತೆಗೋಲು.

ಇದು ಕೇವಲ ಹಳ್ಳಿಯವರ ಮಮತೆಯ ಮಾತಲ್ಲ. ೧೫೬೩ರಲ್ಲಿ ಮುಗಿದ ಟ್ರೆಂಟಿನ ಮಹಾಸಭೆಯು, ಗುರುವಾದವನು ತನ್ನ ಭಕ್ತರ ನಡುವೆಯೇ ವಾಸಿಸಬೇಕೆಂದೂ, ಅವರ ಮದುವೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದೂ ವಿಧಿಸಿತು. ವಾಸ ಒಂದು, ಹೆಸರು ಇನ್ನೊಂದು. ಗುರುತ್ವದ ಎರಡು ಕಂಬಗಳಿವು. ಇಂದಿಗೂ ದೇವಾಲಯದ ಪೆಟ್ಟಿಗೆಯಲ್ಲಿ ಜ್ಞಾನಸ್ನಾನದ, ಮದುವೆಯ, ಮರಣದ ಪುಸ್ತಕಗಳಿರುತ್ತವೆ. ಹೊಸ ಗುರುವು ಮೊದಲು ತೆರೆಯಬೇಕಾದ ಗ್ರಂಥಗಳು ಇವೇ ಎಂದು ನಮಗೆ ತೋರುತ್ತದೆ.

ಇವುಗಳಿಗೆ ನಮ್ಮ ಕಾಲವು ಮೂರನೆಯದನ್ನು ಕೂಡಿಸಿದೆ: ಭಾಷೆ. ೧೯೬೨ರಿಂದ ೧೯೬೫ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಗೆ ಮುಂಚೆ ಪೂಜೆಯು ಲ್ಯಾಟಿನಿನಲ್ಲಿ ನಡೆಯುತ್ತಿತ್ತು. ಗುರುವು ಯಾವ ದೇಶದವನಾದರೂ ಪೀಠದ ಮುಂದೆ ಅವನ ಮಾತು ಒಂದೇ. ಅದು ಊರಿಗೆ ತಿಳಿಯದಿದ್ದರೂ ಯಾರೂ ಕೊರತೆಯೆಣಿಸುತ್ತಿರಲಿಲ್ಲ. ಆಮೇಲೆ ಜನರ ನುಡಿಯೇ ಪೂಜೆಯ ನುಡಿಯಾಯಿತು. ಅಂದಿನಿಂದ ಗುರುವಿನ ಕನ್ನಡವು ಅವನ ಸ್ವಂತದ ಭೂಷಣವಲ್ಲ; ಅದು ಊರಿಗೆ ಸಲ್ಲಬೇಕಾದ ಋಣ. ಪುಸ್ತಕದ ಕನ್ನಡ ಬಂದರೂ ಸಾಲದು. ಸಾಯುವವನ ಹಾಸಿಗೆಯ ಬಳಿ ಕುಳಿತಾಗ ಬೇಕಾಗುವುದು ಕಪಿಲೆಯ ದಂಡೆಯ ಕನ್ನಡ.

ಹಾಗಾದರೆ ಊರಿನವರು ಕೈಕಟ್ಟಿ ಕಾದಿರಬೇಕೆ? ನಾವು ಹಾಗೆನ್ನುವುದಿಲ್ಲ. ನೇಮಕವು ಅವರ ಕೈಯಲ್ಲಿಲ್ಲ. ಬಂದವನನ್ನು ಊರಿನವನನ್ನಾಗಿ ಮಾಡಿಕೊಳ್ಳುವುದು ಅವರ ಕೈಯಲ್ಲಿದೆ. ಬೀಗದ ಕೈಯನ್ನು ಹಿಡಿದ ಆ ಉಪದೇಶಿಯು ಅರಿತೋ ಅರಿಯದೆಯೋ ಅದನ್ನೇ ಮಾಡುತ್ತಿದ್ದನು. ಗುರುವಿಲ್ಲದೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಆದರೆ ಪ್ರಾರ್ಥನೆಗೆ, ರೋಗಿಯನ್ನು ಕಾಣುವುದಕ್ಕೆ, ಜಗಳವಾಡಿದ ಅಣ್ಣತಮ್ಮಂದಿರನ್ನು ಕೂರಿಸಿ ಮಾತನಾಡಿಸುವುದಕ್ಕೆ ಯಾರ ನೇಮಕವೂ ಬೇಡ. ಬರಿದಾದ ಗುರುಮನೆಯು ಊರಿಗೆ ತನ್ನ ಕೆಲಸವೆಷ್ಟು, ಗುರುವಿನ ಕೆಲಸವೆಷ್ಟು ಎಂಬುದನ್ನು ತೋರಿಸಿಕೊಡುತ್ತದೆ.

ಹೊರಡುವ ಮುನ್ನ ನಾವು ಆ ಹಿರಿಯರಿಗೆ ಒಂದು ಸಲಹೆ ಕೊಟ್ಟೆವು. ಅರ್ಜಿಯ ಜೊತೆಗೆ ಇನ್ನೊಂದು ಕಾಗದವನ್ನೂ ಬರೆದಿಡಿ. ಅದು ಬಿಷಪ್ಪರಿಗಲ್ಲ, ಬರತಕ್ಕ ಗುರುವಿಗೆ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾವ ಮಗು ಶಾಲೆ ಬಿಟ್ಟಿದೆ, ಯಾರ ಸಮಾಧಿಗೆ ಇನ್ನೂ ಕಲ್ಲು ನೆಟ್ಟಿಲ್ಲ, ಯಾವ ಎರಡು ಮನೆಗಳ ನಡುವೆ ಮಾತಿಲ್ಲ, ಅದನ್ನೆಲ್ಲ ಬರೆಯಿರಿ ಎಂದೆವು. ಉಪದೇಶಿಯು ತಲೆಯಾಡಿಸಿ ಒಂದು ನೋಟುಪುಸ್ತಕವನ್ನು ತಂದನು. ಮೊದಲ ಹೆಸರನ್ನು ಹೇಳಿದವಳು ಆ ಮುದುಕಿ. ಅದು ತೀರಿಹೋದ ಅವಳ ಮಗನ ಹೆಸರು.

ಶ್ರೋತೃಗಳೆ, ನಗರದ ನಾವು ಗುರುಗಳನ್ನು ಅವರ ಭಾಷಣದಿಂದ ತೂಗುತ್ತೇವೆ. ಒಬ್ಬರು ಹಿಡಿಸದಿದ್ದರೆ ಇನ್ನೊಂದು ಬೀದಿಯ ಗುಡಿಗೋ ಮಠಕ್ಕೋ ದೇವಾಲಯಕ್ಕೋ ಹೋಗುತ್ತೇವೆ. ಒಂದೇ ಗಂಟೆಯುಳ್ಳ ಹಳ್ಳಿಗೆ ಆ ಅನುಕೂಲವಿಲ್ಲ. ಅಲ್ಲಿಗೆ ಯಾರನ್ನು ಕಳುಹಿಸಿದರೂ, ಕಳುಹಿಸುವವರು ಅವರಿಗೆ ಹೆಸರುಗಳನ್ನು ಕಲಿಯುವಷ್ಟು ಕಾಲವನ್ನು ಕೊಡಲಿ ಎಂದು ಹಾರೈಸಿ ಈ ಮಾತನ್ನು ಮುಗಿಸುತ್ತೇವೆ.