ಆಡದ ಪಂದ್ಯದ ರಾತ್ರಿ

ಬ್ರೆಜಿಲ್ ದೇಶದ ಶಪೆಕೊ ಎರಡು ಲಕ್ಷಕ್ಕೂ ಹೆಚ್ಚು ಜನರ ಊರು. ಅಲ್ಲಿನ ಫುಟ್‌ಬಾಲ್ ತಂಡ ಶಪೆಕೊಯೆನ್ಸೆ 2009ರಲ್ಲಿ ನಾಲ್ಕನೇ ದರ್ಜೆಯಲ್ಲಿತ್ತು. 2016ರಲ್ಲಿ ಅದೇ ತಂಡ ದಕ್ಷಿಣ ಅಮೆರಿಕದ ದೊಡ್ಡ ಕಪ್ ಒಂದರ ಫೈನಲ್‌ಗೆ ಹೊರಟಿತು. ನವೆಂಬರ್ 28ರ ರಾತ್ರಿ, ಕೊಲಂಬಿಯಾದ ಮೆಡೆಲಿನ್ ಇನ್ನೇನು ಬಂತು ಅನ್ನುವಾಗ ತಂಡ ಹೊರಟಿದ್ದ ವಿಮಾನ ಇಂಧನ ಮುಗಿದು ಬಿದ್ದಿತು. ಅದರಲ್ಲಿದ್ದ 77 ಜನರಲ್ಲಿ 71 ಮಂದಿ ತೀರಿಕೊಂಡರು. ಇಂಧನ ಸಾಲದೆ! ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಪಂದ್ಯ ನಡೆಯಬೇಕಿದ್ದದ್ದು 30ರ ರಾತ್ರಿ. ಸರಿಯಾಗಿ ಅದೇ ಹೊತ್ತಿಗೆ ಮೆಡೆಲಿನ್ ಕ್ರೀಡಾಂಗಣ ಕಿಕ್ಕಿರಿದು ತುಂಬಿತು. ಬಂದವರು ಎದುರಾಳಿ ತಂಡ ಅಟ್ಲೆಟಿಕೊ ನ್ಯಾಸಿಯೊನಾಲ್‌ನ ಅಭಿಮಾನಿಗಳು. ಮೈಮೇಲೆ ಬಿಳಿ ಬಟ್ಟೆ, ಕೈಯಲ್ಲಿ ಮೇಣದಬತ್ತಿ. ಸೋಲಿಸಬೇಕೆಂದು ಕಾದಿದ್ದ ತಂಡದ ಹೆಸರನ್ನೇ ಕೂಗಿ ಕೂಗಿ ಅತ್ತರು. ಕಪ್ ಶಪೆಕೊಯೆನ್ಸೆಗೇ ಸಲ್ಲಲಿ ಎಂದು ನ್ಯಾಸಿಯೊನಾಲ್ ಕೇಳಿಕೊಂಡಿತು, ಹಾಗೇ ಆಯಿತು.

ಡಿಸೆಂಬರ್ 3ರಂದು ಶವಪೆಟ್ಟಿಗೆಗಳು ಶಪೆಕೊಗೆ ಬಂದಾಗ ಧೋ ಎಂದು ಮಳೆ. ಜನ ನೆನೆಯುತ್ತಲೇ ಕೂತಿದ್ದರು.

ಅದಕ್ಕೂ ಕೆಲ ದಿನ ಮುಂಚೆ, ತೀರಿಕೊಂಡ ಗೋಲ್‌ಕೀಪರ್‌ನ ತಾಯಿಯನ್ನು ಟೀವಿ ವರದಿಗಾರರೊಬ್ಬರು ಮಾತಾಡಿಸುತ್ತಿದ್ದರು. ಆ ವಿಮಾನದಲ್ಲಿ ಎಷ್ಟೋ ಪತ್ರಕರ್ತರೂ ತೀರಿಕೊಂಡಿದ್ದರು. ಆಕೆ ಮಾತು ನಿಲ್ಲಿಸಿ, ನಿಮ್ಮವರನ್ನು ಕಳೆದುಕೊಂಡು ನಿಮಗೆ ಹೇಗಾಗುತ್ತಿದೆ ಎಂದು ಅವರನ್ನೇ ಕೇಳಿದರು. ಅವರಿಗೆ ಉತ್ತರ ಹೊರಡಲಿಲ್ಲ. ಮಗನನ್ನು ಕಳೆದುಕೊಂಡ ಆ ತಾಯಿ ಅವರನ್ನು ತಬ್ಬಿಕೊಂಡರು.